ಜಡೆ ತೆಳುವಾದರೆ ನೀರನ್ನಷ್ಟೇ ದೂರಬೇಡಿ

ನನ್ನ ಅತ್ತಿಗೆಗೆ ಈಗ 48. ಕರಾವಳಿ ಬಿಟ್ಟು ಹಿರಿಯೂರು ಪಕ್ಕದ ಬಬ್ಬೂರಿಗೆ ಹೋಗಿ ಇಪ್ಪತ್ತು ವರ್ಷ ಕಳೆಯಿತು. ಕಳೆದ ವರ್ಷ ಉಮ್ರಾಕ್ಕೆ ಹೋಗಿದ್ದರು. ಸಫಾ-ಮರ್ವಾ ಮುಗಿಸಿ, ಕೂದಲ ತುದಿಯನ್ನು ಬೆರಳ ಗೆಣ್ಣಿನಷ್ಟು ಕತ್ತರಿಸಲು ಜಡೆ ಮುಂದಕ್ಕೆ ಎಳೆದುಕೊಂಡಾಗಲೇ ಅವರಿಗೆ ಗೊತ್ತಾದದ್ದು, ಜಡೆ ಅರ್ಧಕ್ಕರ್ಧ ಸಣ್ಣದಾಗಿದೆ ಅಂತ. ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ. ದಿನವಿಡೀ ತಲೆ ಮೇಲೆ ಶಾಲು ಇರುವಾಗ ಗಮನಿಸುವವರಾದರೂ ಯಾರು?

ಅವರ ದೂರು ಬೋರ್‌ವೆಲ್ ನೀರಿನ ಮೇಲೆ. ಅದರಲ್ಲಿ ಸುಳ್ಳೇನಿಲ್ಲ. ಊರಿನ ಬಾವಿ ನೀರಿಗೆ ಬರುವ ಸೋಪಿನ ನೊರೆ ಅಲ್ಲಿ ಬರುವುದಿಲ್ಲ, ಕೊಡದ ಒಳಗೆ ಬಿಳಿ ಪದರ ಕಟ್ಟುತ್ತದೆ. ಚಿತ್ರದುರ್ಗ ಕಡೆಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಜಾಸ್ತಿ. ಸೋಪಿನ ಜೊತೆ ಸೇರಿ ಅದು ಕೂದಲಿಗೆ ಅಂಟಿಕೊಳ್ಳುತ್ತದೆ. ಕೂದಲು ಒರಟಾಗುತ್ತದೆ, ಸಿಕ್ಕಾಗುತ್ತದೆ, ಮಧ್ಯದಲ್ಲಿ ತುಂಡಾಗುತ್ತದೆ. ಆದರೆ ಬುಡದಿಂದ ಉದುರುವುದಕ್ಕೆ ನೀರು ಕಾರಣ ಅನ್ನಲಿಕ್ಕಾಗದು. ಬಾಚಣಿಗೆಗೆ ಬಂದ ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ತುದಿಯಲ್ಲಿ ಸಣ್ಣ ಬಿಳಿ ಗುಂಡು ಇದ್ದರೆ ಅದು ಬುಡದಿಂದಲೇ ಬಂದದ್ದು.

ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46-47ರ ಸುಮಾರಿಗೆ. ಅದಕ್ಕೂ ಕೆಲವು ವರ್ಷ ಮೊದಲೇ ಈಸ್ಟ್ರೋಜನ್ ಏರುಪೇರಾಗಿ ಇಳಿಯತೊಡಗುತ್ತದೆ. ಒಂದೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಸುಮಾರು ಮೂರು ತಿಂಗಳು ಸುಮ್ಮನಿದ್ದು ಉದುರುತ್ತದೆ. ಈ ವಯಸ್ಸಿನಲ್ಲಿ ಬೆಳೆಯುವ ಅವಧಿ ಗಿಡ್ಡವಾಗುತ್ತದೆ, ಹೊಸ ಎಳೆ ಸಪೂರವಾಗುತ್ತದೆ. ಬೈತಲೆ ಅಗಲವಾಗುತ್ತದೆ. ಅತ್ತ ಗಲ್ಲದಲ್ಲಿ ನಾಲ್ಕು ಗಡುಸು ಕೂದಲು ಹುಟ್ಟುತ್ತವೆ! ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಸಂಕಟ ಅದು. ದಿನಕ್ಕೆ ಐವತ್ತರಿಂದ ನೂರು ಕೂದಲು ಹೋಗುವುದು ಮಾಮೂಲು, ಅದಕ್ಕೆ ಗಾಬರಿ ಬೇಡ.

ಅತ್ತಿಗೆಯ ಮಟ್ಟಿಗೆ ವಿಷಯ ಅಷ್ಟಕ್ಕೇ ಮುಗಿಯಲಿಲ್ಲ. ಎರಡು ವರ್ಷದಿಂದ ಅವರಿಗೆ ಮುಟ್ಟು ತಪ್ಪಿ ತಪ್ಪಿ ಬರುತ್ತಿತ್ತು, ಬಂದಾಗ ವಿಪರೀತ ಸ್ರಾವ. "ಈ ಪ್ರಾಯದಲ್ಲಿ ಎಲ್ಲರಿಗೂ ಹೀಗೇ" ಅಂತ ಸುಮ್ಮನಿದ್ದರು. ಕೂದಲಿನ ನೆಪದಲ್ಲಿ ಡಾಕ್ಟರ ಬಳಿ ಹೋದರೆ, ಹಿಮೋಗ್ಲೋಬಿನ್ ಒಂಬತ್ತಕ್ಕಿಂತ ಕೆಳಗಿತ್ತು. ಹೆಂಗಸರಿಗೆ 12 ಆದರೂ ಬೇಕು. ಮೆಟ್ಟಿಲು ಹತ್ತಿದರೆ ಬರುತ್ತಿದ್ದ ಏದುಸಿರನ್ನೂ ಅವರು ವಯಸ್ಸಿನ ಲೆಕ್ಕಕ್ಕೇ ಹಾಕಿದ್ದರು. ಕಬ್ಬಿಣದ ಮಾತ್ರೆ ಶುರುವಾಯಿತು, ಸ್ರಾವಕ್ಕೆ ಬೇರೆ ಚಿಕಿತ್ಸೆ.

ಹಾಗಾಗಿ ಎಣ್ಣೆ ಬದಲಾಯಿಸುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್, ಡಾಕ್ಟರ್ ಹೇಳಿದರೆ ವಿಟಮಿನ್ ಡಿ ಮತ್ತು ಬಿ12. ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿಬಿಡಿ, ಅದು ಥೈರಾಯ್ಡ್ ವರದಿಯನ್ನೇ ತಪ್ಪಿಸುತ್ತದೆ. ಇನ್ನೊಂದು ಮಾತು. ಒಂದು ವರ್ಷ ಪೂರ್ತಿ ಮುಟ್ಟು ನಿಂತು ಮತ್ತೆ ರಕ್ತ ಕಂಡರೆ ಒಂದು ಹನಿಯಾದರೂ ಸರಿ, ಅದೇ ವಾರ ಡಾಕ್ಟರಿಗೆ ತೋರಿಸಬೇಕು.

ತೆಂಗಿನೆಣ್ಣೆ ಬಿಡಬೇಕಿಲ್ಲ. ತೊಳೆಯುವ ಮುಂಚೆ ಹಚ್ಚಿದರೆ ಕೂದಲಿನ ಪ್ರೋಟೀನ್ ನಷ್ಟ ಕಡಿಮೆಯಾಗುತ್ತದೆ. ಆದರೆ ಅದು ಹೊಸ ಕೂದಲು ಹುಟ್ಟಿಸುವುದಿಲ್ಲ, ಉಮ್ಮ ಕಾಯಿಸಿಕೊಟ್ಟ ಗರಗದ ಎಣ್ಣೆಯಾದರೂ ಅಷ್ಟೇ ಅಂತ ನನ್ನ ಅನಿಸಿಕೆ. ಗಡಸು ನೀರಿನ ಊರಲ್ಲಿ ಸೋಪಿಗಿಂತ ಶಾಂಪೂ ವಾಸಿ. ಕೊನೆಯ ಒಂದು ಚೊಂಬು ಮಳೆ ನೀರೋ ಫಿಲ್ಟರ್ ನೀರೋ ಆದರೆ ಇನ್ನೂ ಒಳ್ಳೆಯದು. ಶಾಲಿನಿಂದ ಕೂದಲು ಉದುರುವುದಿಲ್ಲ. ಒದ್ದೆ ತಲೆ ಮೇಲೆ ಸುತ್ತುವುದು, ಒಳಗೆ ಜುಟ್ಟು ಬಿಗಿದು ಕಟ್ಟುವುದು, ಇವೆರಡೇ ತೊಂದರೆ. ನರೆಗೆ ಅಪ್ಪಟ ಮೈಲಾಂಜಿ ಹಚ್ಚಿ. ಕ್ಷಣದಲ್ಲಿ ಕಪ್ಪಾಗುವ 'ಕಪ್ಪು ಮೆಹಂದಿ'ಯಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ, ಕೆಲವರಿಗೆ ಮುಖವೇ ಊದಿಕೊಳ್ಳುತ್ತದೆ.

ಮಿನಾಕ್ಸಿಡಿಲ್ ಎಂಬ ಔಷಧ ಹಲವರಿಗೆ ಕೆಲಸ ಮಾಡುತ್ತದೆ. ಶುರುವಿನ ಕೆಲವು ವಾರ ಉದುರುವುದು ಹೆಚ್ಚಾಗಿ ಹೆದರಿಸುತ್ತದೆ, ಫಲ ಕಾಣಲು ನಾಲ್ಕಾರು ತಿಂಗಳು ಬೇಕು, ಬಿಟ್ಟರೆ ಗಳಿಸಿದ್ದೂ ಹೋಗುತ್ತದೆ. ಬಿಪಿ, ಹೃದಯದ ತೊಂದರೆ ಇದ್ದವರು ಕೇಳದೆ ಹಚ್ಚಬಾರದು. ಹಣೆಯ ಮೇಲಿನ ಕೂದಲ ಗೆರೆ ಹಿಂದಕ್ಕೆ ಸರಿದು ಹುಬ್ಬೂ ಉದುರುತ್ತಿದ್ದರೆ ಮಾತ್ರ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ಅದು ಬುಡವನ್ನೇ ಸುಟ್ಟುಹಾಕುವ ಬೇರೆ ಕಾಯಿಲೆ ಇರಬಹುದು, ಹೋದ ಕೂದಲು ಮತ್ತೆ ಬಾರದು.

ಅತ್ತಿಗೆಗೆ ಮಾತ್ರೆ ಶುರುವಾಗಿ ಆರು ತಿಂಗಳಾಯಿತು. ಬೈತಲೆ ಹಾಗೇ ಇದೆ. ಬಾಚಣಿಗೆಗೆ ಬರುವುದು ಕಡಿಮೆಯಾಗಿದೆ, ಹಣೆಯ ಬಳಿ ಗಿಡ್ಡ ಕೂದಲು ಎದ್ದು ನಿಂತಿವೆ. ಮೊನ್ನೆ ಫೋನಲ್ಲಿ, ಎರಡು ಮಹಡಿ ಒಂದೇ ಉಸಿರಿಗೆ ಹತ್ತಿದೆ ಅಂದರು. ನೀರಿನ ದೂರು ಇನ್ನೂ ಬಿಟ್ಟಿಲ್ಲ.