ಬಿ.ಪಿ. ಇದ್ದರೆ ಗುಳಿಗೆಯೂ ಬೇಕು, ಪಲ್ಲೆಯೂ ಬೇಕು. ಮಿಶ್ರಿ ಮಾತ್ರ ಬೇಡ



ಗಬ್ಬದ ಆಕಳಿಗೆ ಬರೀ ಒಣ ಕಣಿಕೆ ಹಾಕಬೇಡಿ, ಹಸಿ ಮೇವು ಮತ್ತು ಖನಿಜ ಮಿಶ್ರಣ ಕೊಡಿ ಎಂದು ಪಶುವೈದ್ಯರು ಹೇಳುವುದನ್ನು ನೀವು ಕೇಳಿದ್ದೀರಿ. ಇ ಜೀವಸತ್ವ ಮತ್ತು ಸೆಲೆನಿಯಂ ಕಡಿಮೆಯಾದರೆ ಮಾಸು ಬೀಳದಿರುವುದು, ಕೆಚ್ಚಲು ಬಾವು ಹೆಚ್ಚುತ್ತವೆ. ಇದರ ಹಿಂದೆ ಇರುವ ಕಾರಣವೇ ಮನುಷ್ಯರ ರಕ್ತನಾಳವನ್ನೂ ಕೆಡಿಸುತ್ತದೆ. ಬಿ.ಪಿ. ಇದ್ದವರಿಗೆ ಅದು ಜೀವದ ಪ್ರಶ್ನೆ.

ರಕ್ತನಾಳಕ್ಕೂ ತುಕ್ಕು

ಮಳೆಯಲ್ಲಿ ಬಿಟ್ಟ ಕುಡುಗೋಲಿಗೆ ಆಮ್ಲಜನಕ ತಾಗಿ ತುಕ್ಕು ಹಿಡಿಯುತ್ತದೆ. ನಮ್ಮ ಮೈ ಉಂಡ ಅನ್ನವನ್ನು ಶಕ್ತಿಯಾಗಿ ಮಾಡಿಕೊಳ್ಳುವುದೂ ಆಮ್ಲಜನಕದಿಂದಲೇ. ಆಗ ಹಾನಿ ಮಾಡಬಲ್ಲ ಕೆಲವು ಕಣಗಳು ಹುಟ್ಟುತ್ತವೆ. ಅವನ್ನು ಅಡಗಿಸುವ ಶಕ್ತಿ ಮೈಗೆ ಇದೆ. ತಪ್ಪಲು ಪಲ್ಲೆ, ಹಣ್ಣು, ಕಾಳುಗಳು ಅದಕ್ಕೆ ಬಲ ಕೊಡುತ್ತವೆ. ಕಣಗಳು ಹೆಚ್ಚಾಗಿ ಆ ಬಲ ಸಾಲದಾದಾಗ ಅದಕ್ಕೆ ಉತ್ಕರ್ಷಣ ಒತ್ತಡ ಎನ್ನುತ್ತಾರೆ.

ರಕ್ತನಾಳದ ಒಳಪದರವು ನೈಟ್ರಿಕ್ ಆಕ್ಸೈಡ್ ಎಂಬ ವಸ್ತುವನ್ನು ತಯಾರಿಸಿ ನಾಳವನ್ನು ಸಡಿಲವಾಗಿ ಇಡುತ್ತದೆ. ಈ ಕಣಗಳು ಅದನ್ನು ನಾಶ ಮಾಡುತ್ತವೆ. ನಾಳ ಬಿಗಿಯುತ್ತದೆ, ಬಿ.ಪಿ. ಏರುತ್ತದೆ. ಏರಿದ ಬಿ.ಪಿ. ಮತ್ತಷ್ಟು ಕಣಗಳನ್ನು ಹುಟ್ಟಿಸುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಲಕ್ವ, ಹೃದಯಾಘಾತ, ಕಿಡ್ನಿ ವೈಫಲ್ಯ ಬರಬಹುದು. ಅಲ್ಲಿಯವರೆಗೆ ನೋವಿಲ್ಲ, ಸುಸ್ತಿಲ್ಲ. ಆದ್ದರಿಂದಲೇ ಅನೇಕರು "ನನಗೇನೂ ಆಗಿಲ್ಲ" ಎಂದು ಗುಳಿಗೆ ಬಿಟ್ಟುಬಿಡುತ್ತಾರೆ.

ನಮ್ಮ ಭಾಗದ ಮಿಶ್ರಿ

ನಿಪ್ಪಾಣಿ ಸೀಮೆ ತಂಬಾಕಿಗೆ ಹೆಸರಾದದ್ದು. ನಮ್ಮ ಗಡಿ ಭಾಗದಲ್ಲಿ ಎಷ್ಟೋ ಹೆಣ್ಣುಮಕ್ಕಳು ತಂಬಾಕು ಸುಟ್ಟು ಮಾಡಿದ ಮಿಶ್ರಿಯಿಂದ ಹಲ್ಲು ತಿಕ್ಕುತ್ತಾರೆ. ಹೊಗೆ ಇಲ್ಲವಲ್ಲ, ಇದು ಚಟವಲ್ಲ ಎಂದುಕೊಳ್ಳುತ್ತಾರೆ. ಆದರೆ ನಿಕೋಟಿನ್ ವಸಡಿನಿಂದ ನೇರವಾಗಿ ರಕ್ತಕ್ಕೆ ಸೇರುತ್ತದೆ, ಎದೆಬಡಿತ ಹೆಚ್ಚಿಸುತ್ತದೆ, ನಾಳ ಬಿಗಿಯುತ್ತದೆ. ಬಾಯಿ ಕ್ಯಾನ್ಸರಿನ ಭಯ ಬೇರೆ. ಬಿಡಲು ಕಷ್ಟವಾದರೆ 1800-11-2356 ಉಚಿತ ಸಹಾಯವಾಣಿಗೆ ಫೋನ್ ಮಾಡಿ. ಒಲೆಯ ಹೊಗೆಯೂ ಇದೇ ಕಣಗಳನ್ನು ಹೆಚ್ಚಿಸುತ್ತದೆ. ಗೋಬರ್ ಗ್ಯಾಸ್ ಇದ್ದರೆ ಅದರಲ್ಲೇ ಅಡುಗೆ ಮಾಡಿ.

ಶಕ್ತಿ ಗುಳಿಗೆ ಸಾಕೇ?

ಸಾಲದು. 2000ರಲ್ಲಿ ಪ್ರಕಟವಾದ ಹೋಪ್ ಎಂಬ ಪ್ರಯೋಗದಲ್ಲಿ 9,500ಕ್ಕೂ ಹೆಚ್ಚು ಜನರಿದ್ದರು. ಅವರಲ್ಲಿ ಅರ್ಧದಷ್ಟು ಜನರಿಗೆ ಸುಮಾರು ನಾಲ್ಕೂವರೆ ವರ್ಷ ಇ ಜೀವಸತ್ವದ ಗುಳಿಗೆ ಕೊಟ್ಟರೂ ಹೃದಯಾಘಾತವಾಗಲಿ ಲಕ್ವವಾಗಲಿ ಕಡಿಮೆಯಾಗಲಿಲ್ಲ. ಊಟ, ತಂಬಾಕು, ಮದ್ಯ, ತೂಕ, ಶ್ರಮ ಎಲ್ಲಕ್ಕೂ ಅಂಕ ಕೊಟ್ಟು ನೋಡಿದ ಅಮೆರಿಕದ ಅಧ್ಯಯನಗಳಲ್ಲಿ, ಬಿ.ಪಿ. ಇದ್ದವರ ಪೈಕಿ ಹೆಚ್ಚು ಅಂಕ ಪಡೆದವರಲ್ಲಿ ಸಾವು ಕಡಿಮೆ ಕಂಡುಬಂದಿದೆ. ಎಲ್ಲವೂ ಕೂಡಿದರೆ ಲಾಭ ಹೆಚ್ಚು.

ನೀವು ಮಾಡಬಹುದಾದದ್ದು

• 30 ವರ್ಷ ದಾಟಿದವರು ವರ್ಷಕ್ಕೊಮ್ಮೆಯಾದರೂ ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಬಿ.ಪಿ. ತೋರಿಸಿಕೊಳ್ಳಿ. ತಪಾಸಣೆಗೆ ಮುಂಚೆ ಅರ್ಧ ಗಂಟೆ ಚಹಾ, ತಂಬಾಕು ಬೇಡ; ಐದು ನಿಮಿಷ ಸುಮ್ಮನೆ ಕುಳಿತಿರಿ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಹೆಚ್ಚು ಬಂದರೆ ಬಿ.ಪಿ. ಇದೆ ಎಂದರ್ಥ.

• ವೈದ್ಯರು ಕೊಟ್ಟ ಗುಳಿಗೆ ದಿನವೂ ನುಂಗಿ. ಬಿ.ಪಿ. ಸರಿಯಾಗಿದೆ ಎಂದರೆ ಗುಳಿಗೆ ಕೆಲಸ ಮಾಡುತ್ತಿದೆ ಎಂದರ್ಥ, ಬಿಡಬೇಕೆಂದಲ್ಲ.

• ಜೋಳದ ರೊಟ್ಟಿಯ ಜೊತೆ ಮೆಂತ್ಯೆ, ಪುಂಡಿ, ಹಕ್ಕರಕಿ ಪಲ್ಲೆ, ಮಡಕಿಕಾಳು ಇರಲಿ. ಪೇರಲ, ನೆಲ್ಲಿಕಾಯಿ ತಿನ್ನಿ. ಕಿಡ್ನಿ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕೇಳಿ.

• ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಚಹಾ ಚಮಚ ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಚಟ್ನಿಯ ಉಪ್ಪೂ ಇದರಲ್ಲೇ ಸೇರಬೇಕು. ಮಜ್ಜಿಗೆಗೆ ಉಪ್ಪು ಬೇಡ.

• ನಸುಕಿನಲ್ಲಿ ಹಾಲು ಹಿಂಡಲು ಏಳುವವರು ರಾತ್ರಿ ಬೇಗ ಮಲಗಿ.

ಎಮ್ಮೆ ಮೇವು ಬಿಟ್ಟರೆ ಅದೇ ದಿನ ಡಾಕ್ಟರನ್ನು ಕರೆಸುತ್ತೀರಿ. ನಿಮ್ಮ ಮೈಗೂ ಅಷ್ಟೇ ಕಾಳಜಿ ಇರಲಿ. ಮುಂದಿನ ಸಲ ಸಂಘಕ್ಕೆ ಹಾಲು ಹಾಕಲು ಬಂದಾಗ ಪಕ್ಕದ ಅಕ್ಕನನ್ನೂ ಕೇಳಿ: "ಬಿ.ಪಿ. ನೋಡಿಸಿದೆಯೇನವ್ವ?"