ಆರೋಗ್ಯಸಭೆಯಲ್ಲಿ ರೋಗಿಯ ಸ್ಥಾನ

ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳ ಮೇಲೆ ಚಿಕಿತ್ಸೆಯು ನಿಲ್ಲುವುದೆಂದು ಚರಕಸಂಹಿತೆಯು ಹೇಳುತ್ತದೆ. ತನ್ನ ಬಾಧೆಯನ್ನು ತಿಳಿಯಹೇಳುವ ಶಕ್ತಿಯು ರೋಗಿಗೆ ಇರಬೇಕಾದ ಗುಣಗಳಲ್ಲೊಂದು. ರಾಷ್ಟ್ರಗಳ ಆರೋಗ್ಯವ್ಯವಸ್ಥೆಯಲ್ಲಿಯಾದರೋ ಈ ನಾಲ್ಕನೆಯ ಪಾದವು ಬಹುಕಾಲ ಉಪೇಕ್ಷಿತವಾಗಿದ್ದಿತು.

1978ರಲ್ಲಿ ಆಲ್ಮಾ-ಆಟಾ ನಗರದಲ್ಲಿ ನೆರೆದ ರಾಷ್ಟ್ರಗಳು, ಆರೋಗ್ಯದ ಯೋಜನೆಯಲ್ಲಿಯೂ ಅದರ ನಿರ್ವಹಣದಲ್ಲಿಯೂ ಭಾಗಿಗಳಾಗುವುದು ಜನರ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದೆಂದು ಸಾರಿದುವು. ಏಡ್ಸ್, ಕ್ಷಯ, ಮಲೇರಿಯಗಳ ನಿವಾರಣಾರ್ಥವಾಗಿ 2002ರಲ್ಲಿ ಸ್ಥಾಪಿತವಾದ ಜಾಗತಿಕ ನಿಧಿಯ ಆಡಳಿತಮಂಡಲಿಯಲ್ಲಿ 20 ಮತಗಳಿವೆ. ಅವುಗಳಲ್ಲಿ ಎರಡು ಸೇವಾಸಂಸ್ಥೆಗಳವು, ಒಂದು ಆ ರೋಗಗಳ ಬಾಧೆಯನ್ನು ಉಂಡ ಸಮುದಾಯಗಳದು. ಇದು ಬರಿಯ ಮರ್ಯಾದೆಯ ಪೀಠವಲ್ಲ. ಔಷಧವು ಊರಿಗೆ ಬಂದಿದ್ದರೂ ದಿನಗೂಲಿಯನ್ನು ಬಿಟ್ಟು ಬರಲಾರದವನ, ನೆರೆಯವರಿಗೆ ನಾಚಿ ಬಾರದವಳ ಕಷ್ಟವನ್ನು ಅವರಲ್ಲದೆ ಮತ್ತಾರು ಬಲ್ಲರು?

ನಮ್ಮ ದೇಶದಲ್ಲಿಯೂ 2005ರಲ್ಲಿ ಮೊದಲಾದ ಗ್ರಾಮೀಣ ಆರೋಗ್ಯ ಅಭಿಯಾನವು ಹಳ್ಳಿಗಳಿಗೆ ಆರೋಗ್ಯಸಮಿತಿಗಳನ್ನು ವಿಧಿಸಿತು. ಅಲ್ಲಿ ರುಜು ಹಾಕಿ ಎದ್ದುಬರುವುದು ಭಾಗವಹಿಸಿದಂತಲ್ಲ. ಕೆಟ್ಟ ಬಾವಿಯ ನೀರು, ಕಟ್ಟಿಕೊಂಡ ಚರಂಡಿ, ಬಾಣಂತಿಗೆ ದೊರೆಯದ ಮದ್ದು, ಇವುಗಳನ್ನು ಬಾಯಿಬಿಟ್ಟು ಹೇಳಬೇಕು. ಗೃಹಸ್ಥರೂ, ವಿಶೇಷವಾಗಿ ಗೃಹಿಣಿಯರೂ, ಸುಮ್ಮನಿದ್ದರೆ ಚಿಕಿತ್ಸೆಯು ಮೂರು ಕಾಲಿನ ಮಂಚವಾದೀತು.