ಮಾಸಿದ ಲಕ್ಷ್ಮಿಗೆ ಮತ್ತೆ ಕೆಂಪು ಸೀರೆ

ಪುತ್ತೂರು, ಸುಳ್ಯ, ಕಡಬ ಕಡೆಯ ಹಳೆಯ ಹೆಂಚಿನ ಮನೆಗಳ ಚಾವಡಿಯಲ್ಲಿ ಗೋಡೆಗೆ ಓರೆಯಾಗಿ ತೂಗಿದ ದೇವರ ಪಟಗಳು ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತವೆ. ಅವುಗಳಲ್ಲಿ ರಾಜಾ ರವಿವರ್ಮನ ಲಕ್ಷ್ಮಿಯೋ ಸರಸ್ವತಿಯೋ ಇದ್ದರೆ ಗಮನಿಸಿ ನೋಡಿ. ಸೀರೆಯ ಕೆಂಪು ಹಾರಿಹೋಗಿರುತ್ತದೆ, ಮೈಬಣ್ಣ ಕಂದಿರುತ್ತದೆ, ನೀಲಿ ಮಾತ್ರ ಹಾಗೆಯೇ ಉಳಿದಿರುತ್ತದೆ. ಹೀಗೇಕೆ?

ರವಿವರ್ಮನ ಮುದ್ರಣಾಲಯ 1894ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ, ಆಮೇಲೆ ಲೋಣಾವಳದ ಬಳಿಯ ಮಳವಳಿಗೆ ಹೋಯಿತು. ಅಲ್ಲಿ ನಡೆಯುತ್ತಿದ್ದುದು ಕಲ್ಲಚ್ಚು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಂದೇ ಹಾಳೆ ಹಲವು ಕಲ್ಲುಗಳ ಮೇಲೆ ಹಾದು ಚಿತ್ರವಾಗುತ್ತಿತ್ತು. ಆ ಕಾಲದ ಹಲವು ಕೆಂಪು, ಹಳದಿ ಶಾಯಿಗಳಿಗೆ ಬೆಳಕನ್ನು ತಾಳುವ ಶಕ್ತಿ ಕಡಿಮೆ. ಕಪ್ಪು, ನೀಲಿ ಗಟ್ಟಿ. ಇದರ ಮೇಲೆ ಹಳದಿಗಟ್ಟಿದ ವಾರ್ನಿಷು, ದೀಪದ ಮಸಿ, ನಮ್ಮ ಮಳೆಗಾಲದ ತೇವ!

ಇಂಥ ಪಟವನ್ನು ಹೊಳೆಗೆ ಬಿಡುವುದೋ ಅಶ್ವತ್ಥಕಟ್ಟೆಯಲ್ಲಿ ಇಡುವುದೋ ರೂಢಿ. ಈಗ ಕಂಪ್ಯೂಟರ್ ಇನ್ನೊಂದು ದಾರಿ ತೋರಿಸಿದೆ. ಕ್ಯಾಮೆರಾ ಚಿತ್ರದ ಪ್ರತಿ ಚುಕ್ಕೆಯನ್ನೂ ಕೆಂಪು, ಹಸಿರು, ನೀಲಿ ಬೆಳಕಿನ ಮೂರು ಅಂಕಿಗಳಾಗಿ ಬರೆದಿಡುತ್ತದೆ. ಕೆಂಪು ಶಾಯಿಯ ಕೆಲಸ ಹಸಿರು ಬೆಳಕನ್ನು ನುಂಗುವುದು. ಶಾಯಿ ತೆಳುವಾದಲ್ಲಿ ಹಸಿರು ಹೆಚ್ಚಾಗಿ ಹಿಂದಿರುಗುತ್ತದೆ. ಆ ಅಂಕಿಯನ್ನು ತಕ್ಕಷ್ಟು ತಗ್ಗಿಸಿದರೆ ಪರದೆಯ ಮೇಲೆ ಸೀರೆ ಮತ್ತೆ ಕೆಂಪಾಗುತ್ತದೆ.

ಎಷ್ಟು ತಗ್ಗಿಸಬೇಕು ಎಂಬುದೇ ಕಷ್ಟದ ಪ್ರಶ್ನೆ. ಚೌಕಟ್ಟಿನ ಅಂಚಿನಡಿ ಬೆಳಕು ಕಾಣದೆ ಉಳಿದ ಒಂದೆಳೆ ಬಣ್ಣವೇ ಇಲ್ಲಿ ನಂಬಬಹುದಾದ ಸಾಕ್ಷಿ. ಅದನ್ನು ಬಿಟ್ಟು ತಂತ್ರಾಂಶದ ‘ಆಟೋ’ ಗುಂಡಿ ಒತ್ತಿದರೆ, ಅದು ನೀಲಮೇಘಶ್ಯಾಮನ ನೀಲಿಯನ್ನೂ ದೋಷವೆಂದು ಬಗೆದು ಕೃಷ್ಣನನ್ನು ಬೆಳ್ಳಗೆ ಮಾಡಿಟ್ಟೀತು! ಶಾಯಿ ಪೂರ್ತಿ ಅಳಿದ ಕಡೆ ಹಿಗ್ಗಿಸಲು ಏನೂ ಇರುವುದಿಲ್ಲ. ಅದೇ ಚಿತ್ರದ ಇನ್ನೊಂದು ಪ್ರತಿ ಹುಡುಕಬೇಕು. ಇಲ್ಲವೇ ಊಹಿಸಿ ತುಂಬಬೇಕು. ಆಗ ಅದು ಹೊಸ ಚಿತ್ರವೇ ಸರಿ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೂ ಈ ತೊಡಕು ತಪ್ಪಲಿಲ್ಲ. ಅಲ್ಲಿ ಮಾರ್ಕ್ ರಾತ್ಕೊ 1960ರ ದಶಕದಲ್ಲಿ ಬರೆದ ದೊಡ್ಡ ಚಿತ್ರಗಳ ಕೆಂಪು ಬಿಸಿಲಿಗೆ ಹೋಗಿತ್ತು. ಮೂಲ ಬಣ್ಣ ತಿಳಿಯಲು ಇದ್ದ 1964ರ ಫಿಲ್ಮ್‌ಗಳೂ ಮಾಸಿದ್ದವು. ಮೊದಲು ಅವುಗಳ ಬಣ್ಣವನ್ನೇ ಕಂಪ್ಯೂಟರಿನಲ್ಲಿ ಸರಿಪಡಿಸಿದರು. 2014ರಲ್ಲಿ ಚಿತ್ರವನ್ನು ಮುಟ್ಟದೆ, ಪ್ರೊಜೆಕ್ಟರಿನಿಂದ ಕಡಿಮೆಯಾದ ಬಣ್ಣದಷ್ಟೇ ಬೆಳಕನ್ನು ಅದರ ಮೇಲೆ ಬಿಟ್ಟು ತೋರಿಸಿದರು. ದೀಪ ಆರಿಸಿದರೆ ಮತ್ತೆ ಮಾಸಿದ ಚಿತ್ರ.

ಮನೆಯ ಪಟಕ್ಕೆ ಅಷ್ಟೆಲ್ಲ ಬೇಕಿಲ್ಲ. ತೇವಕ್ಕೆ ಗಾಜಿಗೆ ಅಂಟಿದ ಹಾಳೆಯನ್ನು ಎಳೆಯಬೇಡಿ, ಗಾಜಿನ ಸಮೇತ ಫೋಟೋ ತೆಗೆಸಿ. ಸೀರೆಗೆ ಜರಿ, ಮಿಂಚು ಅಂಟಿಸಿದ್ದರೆ ಸ್ಕ್ಯಾನರಿನ ಮೇಲೆ ಮಗುಚುವುದೂ ಬೇಡ. ಹೊಸ ಪ್ರತಿ ಗೋಡೆಗಿರಲಿ, ಹಳೆಯದು ಕತ್ತಲೆಯ ಒಣ ಜಾಗದಲ್ಲಿರಲಿ. ಫೋಟೋ ತೆಗೆಸುವಾಗ ಚಿತ್ರದ ಕೆಳಗಿನ ಬಿಳಿ ಅಂಚನ್ನು ಕತ್ತರಿಸಬೇಡಿ. ಮುದ್ರಣಾಲಯದ ಹೆಸರು ಸಿಗುವುದು ಅಲ್ಲೇ.